ನಾವು ಕೋಟವನ್ನು ಹುಡುಕಿದ್ದು

ವಾರದ ಐದು ದಿನ ಫೋರ್ಟಿನ ಕಚೇರಿಯೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತು ಹೊಟ್ಟೆ ಹೊರೆಯುವವರು ಆರನೆಯ ದಿನವೂ ಅದೇ ಯಂತ್ರದ ಮುಂದೆ ಹೋಗಿ ಕುಳಿತುಕೊಳ್ಳುವುದೇಕೆಂಬುದು ನಮ್ಮ ಮನೆಯವರಿಗೆ ಇಂದಿಗೂ ಬಿಡಿಸಲಾಗದ ಒಗಟಾಗಿದೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಲೋಕಲ್ ಗಾಡಿ ಹಿಡಿದು ನಾವು ಬರುವುದು ನಾವೇ ಕಲಿತ ಈ ಶಾಲೆಗೆ. ಎರಡನೆಯ ಮಾಳಿಗೆಯ ಮೂಲೆಯ ಕೋಣೆಯಲ್ಲಿ ಎಂಟು ಯಂತ್ರಗಳಿವೆ. ಅವುಗಳಲ್ಲಿ ಆರು ನಡೆಯುತ್ತವೆ. ಒಂಬತ್ತನೆಯ ತರಗತಿಯ ಹತ್ತು ಹನ್ನೆರಡು ಮಂದಿ ಬಾಲಕ ಬಾಲಕಿಯರು ಅಲ್ಲಿ ನಮ್ಮನ್ನು ಕಾದಿರುತ್ತಾರೆ. ಅವರಿಗೆ ನಾವು ಪೈಥಾನ್ ಎಂಬ ಗಣಕಭಾಷೆಯನ್ನು ಕಲಿಸುತ್ತೇವೆಂದು ಸೂಚನಾಫಲಕದಲ್ಲಿ ಬರೆದಿದೆ. ಯಾರು ಯಾರಿಗೆ ಕಲಿಸಿದರೆಂಬುದನ್ನು ಈ ಬರಹವನ್ನು ಓದಿದ ಬಾಲಮಿತ್ರರೇ ನಿರ್ಣಯಿಸಲಿ.

ಕಲಿಕೆಗೆ ನಿಜವಾದ ಕೆಲಸವೊಂದು ಬೇಕೆಂಬುದು ನಮ್ಮ ಹಟ. ಪುಸ್ತಕದ ಲೆಕ್ಕಗಳನ್ನು ಮಾಡಿಸಿದರೆ ಮಕ್ಕಳು ಆಕಳಿಸುತ್ತಾರೆ. ಮಕ್ಕಳು ಆಕಳಿಸಿದರೆ ನಮಗೂ ಆಕಳಿಕೆ ಬರುತ್ತದೆ. ಆದುದರಿಂದ ಮುಖ್ಯಾಧ್ಯಾಪಕರನ್ನು ಕೇಳಿ ಶಾಲೆಯ ಹಳೆಯ ಜನರಲ್ ರಿಜಿಸ್ಟರಿನ ಫೈಲನ್ನು ಪಡೆದುಕೊಂಡೆವು. ದಕ್ಷಿಣ ಕನ್ನಡದಿಂದ ಬಂದು ಈ ನಗರದ ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆಯುತ್ತಿದ್ದುದನ್ನು ನೀವು ಹಿರಿಯರಿಂದ ಕೇಳಿರಬಹುದು. ನಮ್ಮ ಶಾಲೆಯಲ್ಲಿಯೂ ಅಂತಹ ರಾತ್ರಿಯ ವರ್ಗಗಳಿದ್ದವು. ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಎಂಟು ಗಂಟೆಗೆ ಸ್ಲೇಟು ಹಿಡಿದು ಬಂದವರ ಹೆಸರುಗಳು ಆ ರಿಜಿಸ್ಟರಿನಲ್ಲಿದ್ದವು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಸುರಿದು ಅರ್ಧ ಮುಂಬಯಿ ಮುಳುಗಿತಲ್ಲವೇ? ಅಂದು ನೆಲಮಾಳಿಗೆಯ ಕಪಾಟಿನಲ್ಲಿದ್ದ ಆ ಪುಸ್ತಕಗಳೂ ನೀರು ಕುಡಿದವು. ಆಗಿನ ಅಧ್ಯಾಪಕರು ಹಾಳೆಗಳನ್ನು ಒಂದೊಂದಾಗಿ ಪಂಖದ ಗಾಳಿಗೆ ಒಣಗಿಸಿ, ಮಸಿ ಪೂರ್ತಿಯಾಗಿ ಮಾಯುವ ಮೊದಲೇ, ಸಾವಿರದ ನಾನೂರಕ್ಕೂ ಮಿಕ್ಕ ಸಾಲುಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದರು. ಕಾಗದ ಆಮೇಲೆ ಪುಡಿಯಾಗಿ ಹೋಯಿತು. ಈಗ ಆ ಹುಡುಗರ ಪಾಲಿಗೆ ಉಳಿದಿರುವ ಸಾಕ್ಷಿ ಆ ಫೈಲೊಂದೇ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗಣಕಭಾಷೆಯಲ್ಲಿ ಬರಹದ ತುಂಡಿಗೆ ಸ್ಟ್ರಿಂಗ್ ಎಂದು ಹೆಸರು. ನಾವು ಅದನ್ನು ಅಕ್ಷರಸರವೆಂದು ಕರೆಯೋಣ. ದಾರದಲ್ಲಿ ಪೋಣಿಸಿದ ಮಣಿಗಳಂತೆ ಅಕ್ಷರಗಳು ಒಂದರ ಹಿಂದೊಂದು ಕುಳಿತಿರುತ್ತವೆ. ದೊಡ್ಡ ಸರದೊಳಗೆ ಚಿಕ್ಕ ತುಣುಕೊಂದು ಇದೆಯೇ, ಇದ್ದರೆ ಎಷ್ಟನೆಯ ಮಣಿಯಿಂದ ಆರಂಭವಾಗುತ್ತದೆ, ಇದೇ ಪ್ರಶ್ನೆ. ಕೇಳಲು ಅತ್ಯಂತ ಸಾಮಾನ್ಯವಾದ ಪ್ರಶ್ನೆ. ಪೈಥಾನಿನಲ್ಲಿ ಇದನ್ನು ಎರಡು ಬಗೆಯಲ್ಲಿ ಕೇಳಬಹುದು. ‘ಇನ್’ ಎಂಬ ಮಾತಿನಿಂದ ಕೇಳಿದರೆ ಯಂತ್ರವು ಹೌದು ಅಥವಾ ಅಲ್ಲ ಎನ್ನುತ್ತದೆ. ‘ಫೈಂಡ್’ ಎಂದು ಕೇಳಿದರೆ ಸ್ಥಾನದ ಸಂಖ್ಯೆಯನ್ನು ಹೇಳುತ್ತದೆ. ಯಂತ್ರದ ಎಣಿಕೆ ಸೊನ್ನೆಯಿಂದ ಆರಂಭ: ಮೊದಲನೆಯ ಮಣಿಗೆ ಸೊನ್ನೆ, ಎರಡನೆಯದಕ್ಕೆ ಒಂದು. ತುಣುಕು ಸಿಕ್ಕದಿದ್ದರೆ ಸೊನ್ನೆಯೆನ್ನುವಂತಿಲ್ಲ, ಏಕೆಂದರೆ ಸೊನ್ನೆಯೂ ಒಂದು ಸ್ಥಾನವೇ. ಆದುದರಿಂದ ಅದು −೧ ಎನ್ನುತ್ತದೆ.

ಮೊದಲ ಶನಿವಾರವೇ ನಾವು ಇದರಲ್ಲಿ ಮುಗ್ಗರಿಸಿದೆವು. ಹೆಸರಿನಲ್ಲಿ ‘ರಾಮ’ ಇರುವವರನ್ನೆಲ್ಲ ಪಟ್ಟಿಮಾಡುವ ಪ್ರೋಗ್ರಾಮನ್ನು ನಾವು ಫಲಕದ ಮೇಲೆ ಬರೆದೆವು. ‘ಫೈಂಡ್ ಹೌದೆಂದರೆ ಹೆಸರನ್ನು ಅಚ್ಚುಮಾಡು’ ಎಂಬುದು ಅದರ ತಾತ್ಪರ್ಯ. ಓಡಿಸಿ ನೋಡಿದರೆ ಪಟ್ಟಿಯಲ್ಲಿ ಗಣಪತಿ ಇದ್ದಾನೆ, ಶೇಷಪ್ಪ ಇದ್ದಾನೆ, ಇನ್ನೂ ಎಷ್ಟೋ ಜನ ಇದ್ದಾರೆ. ರಾಮಚಂದ್ರನಾಗಲಿ ರಾಮಕೃಷ್ಣನಾಗಲಿ ಒಬ್ಬನೂ ಇಲ್ಲ! ಮಕ್ಕಳು ನಕ್ಕ ನಗೆ ಕೆಳಗಿನ ಮಾಳಿಗೆಗೂ ಕೇಳಿಸಿರಬೇಕು. ಪೈಥಾನಿನ ಶಾಸ್ತ್ರದಲ್ಲಿ ಸೊನ್ನೆಯೆಂದರೆ ಸುಳ್ಳು. ಬೇರಾವ ಸಂಖ್ಯೆಯಾದರೂ, ಋಣಸಂಖ್ಯೆಯಾದರೂ, ನಿಜ. ರಾಮಚಂದ್ರನ ಹೆಸರಿನಲ್ಲಿ ‘ರಾಮ’ ಇರುವುದು ಸೊನ್ನೆಯ ಸ್ಥಾನದಲ್ಲಿ; ಆದಕಾರಣ ಅವನು ಸುಳ್ಳಾದನು. ಗಣಪತಿಯಲ್ಲಿ ‘ರಾಮ’ ಇಲ್ಲವೇ ಇಲ್ಲ; ಉತ್ತರ −೧; ಅದು ಸೊನ್ನೆಯಲ್ಲವಾದ್ದರಿಂದ ಅವನು ನಿಜವಾದನು. ಮುಂದೆ ನೀವು ಇದನ್ನು ಕಲಿಯುವಾಗ, ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಾಗಿದ್ದರೆ ‘ಇನ್’ ಎಂದು ಕೇಳಿರಿ. ಫೈಂಡನ್ನು ಕೇಳಲೇಬೇಕಾದರೆ ಉತ್ತರವು −೧ ಹೌದೋ ಅಲ್ಲವೋ ಎಂಬುದನ್ನು ಬಾಯಿಬಿಟ್ಟು ಪರೀಕ್ಷಿಸಿರಿ.

ತಪ್ಪನ್ನು ತಿದ್ದಿದ ಮೇಲೆ, ಹೆಸರಿನ ಕಾಲಮಷ್ಟೇ ಏಕೆಂದು ಇಡೀ ಸಾಲಿನಲ್ಲಿಯೇ ‘ರಾಮ’ನನ್ನು ಹುಡುಕಿಸಿದೆವು. ಈಗ ಐನೂರಕ್ಕೂ ಹೆಚ್ಚು ಸಾಲುಗಳು ಬಂದವು. ಪರಶುರಾಮ, ಸೀತಾರಾಮರು ಬಂದದ್ದು ಸರಿಯೇ. ಆದರೆ ಉಳಿದವರು? ಹುಡುಗನೊಬ್ಬನು ಪರದೆಗೆ ಮೂಗು ತಾಗಿಸಿ ನೋಡಿ, “ಸರ್, ಇವರ ಊರಿನ ಕಾಲಮಿನಲ್ಲಿ ಗ್ರಾಮ ಎಂದಿದೆ,” ಎಂದನು. ನಮ್ಮ ಕಣ್ಣಿಗೆ ‘ಗ್ರಾಮ’ದಲ್ಲಿ ರಾಮ ಕಾಣುವುದಿಲ್ಲ, ಗಕಾರ ಕಾಣುತ್ತದೆ, ಅದರ ಕೆಳಗೆ ರಕಾರದ ಒತ್ತು ಕಾಣುತ್ತದೆ. ಯಂತ್ರದ ಸ್ಮೃತಿಯಲ್ಲಿ ಮಾತ್ರ ಕೆಳಗೆ ಮೇಲೆ ಎಂಬುದಿಲ್ಲ. ಅಲ್ಲಿ ಅದು ಐದು ಮಣಿಗಳ ಸರ: ಗ, ಹಲಂತದ ಗುರುತು, ರ, ಆಕಾರದ ಇಳಿ, ಮ. ಎರಡನೆಯ ಸ್ಥಾನದಿಂದ ಓದಿದರೆ ರಾಮನೇ ಕುಳಿತಿದ್ದಾನೆ. ‘ಸರ್ಕಾರ’ದಲ್ಲಿ ನಾವು ಅರ್ಕಾವೊತ್ತನ್ನು ಕಾಕಾರದ ಬಳಿಕ ಬರೆಯುತ್ತೇವೆ, ಯಂತ್ರದಲ್ಲಿ ರಕಾರವು ಕಕಾರಕ್ಕಿಂತ ಮುಂಚೆಯೇ, ನಾವು ಉಚ್ಚರಿಸುವ ಕ್ರಮದಲ್ಲಿಯೇ ಇರುತ್ತದೆ. ಕನ್ನಡದ ಕಾಗುಣಿತವನ್ನು ನಾಲ್ಕು ವರ್ಷದ ವಯಸ್ಸಿನಲ್ಲಿ ತಿದ್ದಿದ ನಾವು ಅದರ ಒಳಗುಟ್ಟನ್ನು ನಲವತ್ತು ದಾಟಿದ ಮೇಲೆ ಆ ಹುಡುಗನ ಮೂಗಿನ ತುದಿಯಲ್ಲಿ ಕಂಡಂತಾಯಿತು.

ಯಂತ್ರವು ಹುಡುಕುವುದಾದರೂ ಹೇಗೆ? ಕಿಟ್ಟೆಲ್ಲರು ೧೮೯೪ರಲ್ಲಿ ಅಚ್ಚು ಹಾಕಿಸಿದ ಕನ್ನಡ ನಿಘಂಟಿನಲ್ಲಿ ಪದವೊಂದನ್ನು ಹುಡುಕುವುದು ಸುಲಭ. ಪದಗಳು ಅಕಾರಾದಿಯಾಗಿವೆ, ನಡುವೆ ತೆರೆದು ಹಿಂದಕ್ಕೋ ಮುಂದಕ್ಕೋ ಹೋಗಬಹುದು. ಬರಹಕ್ಕೆ ಅಂತಹ ಕ್ರಮವಿಲ್ಲ. ಅಲ್ಲಿ ಬೆರಳಿಟ್ಟು ಸವರಿಕೊಂಡು ಹೋಗಬೇಕು. ‘ಬಾಗಲಕೋಟೆ’ಯಲ್ಲಿ ‘ಕೋಟ’ವನ್ನು ಹುಡುಕುವೆವೆಂದು ಭಾವಿಸಿ. ದೊಡ್ಡ ಸರದಲ್ಲಿ ಎಂಟು ಮಣಿಗಳು: ಬ, ಆಕಾರದ ಇಳಿ, ಗ, ಲ, ಕ, ಓತ್ವದ ಗುರುತು, ಟ, ಎತ್ವ. ತುಣುಕಿನಲ್ಲಿ ಮೂರು. ಸಾಮಾನ್ಯ ರೀತಿಯೆಂದರೆ ತುಣುಕನ್ನು ಮೊದಲ ಮಣಿಯ ಕೆಳಗಿಟ್ಟು ಹೋಲಿಸುವುದು, ಹೊಂದದಿದ್ದರೆ ಒಂದು ಮಣಿ ಮುಂದೆ ಸರಿಸುವುದು. ನಾಲ್ಕು ಸಲ ಸೋತು, ಐದನೆಯ ಸಲ ಮೂರು ಮಣಿಗಳೂ ಹೊಂದಿ, ಏಳು ಹೋಲಿಕೆಗಳಲ್ಲಿ ನಾಲ್ಕನೆಯ ಸ್ಥಾನ ದೊರೆಯುತ್ತದೆ.

೧೯೭೭ರಲ್ಲಿ ಅಮೆರಿಕದ ಬಾಯರ್ ಮತ್ತು ಮೂರ್ ಎಂಬಿಬ್ಬರು ಒಂದು ಸೊಗಸಾದ ಯುಕ್ತಿಯನ್ನು ಪ್ರಕಟಿಸಿದರು. ತುಣುಕನ್ನು ಅದರ ತುದಿಯಿಂದ ಹೋಲಿಸಬೇಕು! ‘ಕೋಟ’ದ ಕೊನೆಯ ಟಕಾರದ ಎದುರಿಗೆ ‘ಬಾಗಲಕೋಟೆ’ಯ ಗಕಾರವಿದೆ. ನಮ್ಮ ತುಣುಕಿನಲ್ಲಿ ಗಕಾರವೇ ಇಲ್ಲ. ಅಂದಮೇಲೆ ಆ ಗಕಾರವನ್ನು ಒಳಗೊಳ್ಳುವ ಯಾವ ಸ್ಥಾನದಲ್ಲಿಯೂ ಅದು ಹೊಂದಲಾರದು. ಒಮ್ಮೆಗೇ ಮೂರು ಮಣಿ ಹಾರಬಹುದು. ಹಾರಿದ ಮೇಲೆ ಟಕಾರದ ಎದುರಿಗೆ ಓತ್ವದ ಗುರುತು ಬಂತು. ಅದು ನಮ್ಮ ತುಣುಕಿನ ನಡುವೆ ಇದೆಯಲ್ಲ. ಅವೆರಡೂ ಎದುರುಬದುರಾಗುವಂತೆ ಒಂದು ಮಣಿ ಸರಿಸಬೇಕು. ಈಗ ಮೂರೂ ಹೊಂದಿದವು. ಒಟ್ಟು ಐದು ಹೋಲಿಕೆಗಳು. ಬಕಾರವನ್ನೂ ಅದರ ಇಳಿಯನ್ನೂ ಲಕಾರವನ್ನೂ ಕಣ್ಣೆತ್ತಿ ಸಹ ನೋಡಲಿಲ್ಲ. ತುಣುಕು ಉದ್ದವಾದಷ್ಟೂ ಹಾರುವ ದೂರ ಹೆಚ್ಚು. ಉದ್ದವಾದ ಪದವನ್ನು ಹುಡುಕುವುದು ಗಿಡ್ಡ ಪದವನ್ನು ಹುಡುಕುವುದಕ್ಕಿಂತ ಸಾಮಾನ್ಯವಾಗಿ ಬೇಗ ಮುಗಿಯುತ್ತದೆಂದರೆ ಸೋಜಿಗವಲ್ಲವೇ?

ಅದೇ ೧೯೭೭ರಲ್ಲಿ ನೂತ್, ಮಾರಿಸ್, ಪ್ರಾಟ್ ಎಂಬ ಮೂವರು ಇನ್ನೊಂದು ದಾರಿಯನ್ನು ಪ್ರಕಟಿಸಿದರು. ‘ಪಟಪಟಪಟನೆ’ ಎಂಬುದರಲ್ಲಿ ‘ಪಟಪಟನೆ’ಯನ್ನು ಹುಡುಕುವಾಗ ನಾಲ್ಕು ಅಕ್ಷರ ಹೊಂದಿ ಐದನೆಯದರಲ್ಲಿ, ನಕಾರ ಬೇಕಾದೆಡೆಯಲ್ಲಿ ಪಕಾರ ಬಂದು, ಸೋಲುತ್ತೇವೆ. ಆಗ ಮರಳಿ ಮೊದಲಿನಿಂದ ಎಣಿಸಬೇಕಾಗಿಲ್ಲವೆಂಬುದು ಅವರ ಮಾತು. ಹೊಂದಿದ ‘ಪಟಪಟ’ದ ಕೊನೆಯ ‘ಪಟ’ವೇ ತುಣುಕಿನ ಮೊದಲ ‘ಪಟ’ವೂ ಆಗಿರುವುದರಿಂದ, ಎರಡು ಹೆಜ್ಜೆ ಸರಿಸಿ ಬೆರಳನ್ನು ಇದ್ದಲ್ಲಿಂದಲೇ ಮುಂದುವರಿಸಬಹುದು. ಬರಹದಲ್ಲಿ ಬೆರಳು ಎಂದೂ ಹಿಂದಕ್ಕೆ ಬರುವುದಿಲ್ಲ. ಈ ದಿನ ಮಕ್ಕಳು ಫಲಕದ ಮುಂದೆ ನಿಂತು, ಒಬ್ಬೊಬ್ಬರು ಒಂದೊಂದು ಮಣಿಯಾಗಿ, ಪಟಪಟನೆ ಸರಿದಾಡಿದರು. ನಮಗಂತೂ ಬಹಳ ಸಂತೋಷವಾಯಿತು. ಹುಡುಕುವ ವಿದ್ಯೆ ನಮಗೆ ಕರಗತವಾಯಿತೆಂದು ಎಲ್ಲರೂ ಭಾವಿಸಿದೆವು.

ಅದರ ಮರು ಶನಿವಾರವೇ ಆ ಹಿರಿಯರು ಬಂದದ್ದು.

ವಯಸ್ಸು ಎಪ್ಪತ್ತೆಂಟರ ಆಸುಪಾಸು. ಬಿಳಿಯ ಪಂಚೆ, ಅರ್ಧ ತೋಳಿನ ಅಂಗಿ, ಕೈಯಲ್ಲಿ ಮಡಿಸಿದ ಕೊಡೆ. ಎರಡು ಮಾಳಿಗೆ ಹತ್ತಿ ಬಂದ ಏದುಸಿರು ಇಳಿಯಲೆಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಂಡರು. ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಇಲ್ಲಿ ಹುಡುಕಿಕೊಡುತ್ತಾರೆಂದು ಯಾರೋ ಹೇಳಿದರಂತೆ. ಅವರಿಗೆ ಬೇಕಾದದ್ದು ಅಣ್ಣನ ಹೆಸರು. ೧೯೫೭ರಲ್ಲಿ ಹದಿನೈದು ವರ್ಷದ ಅಣ್ಣನು ಹತ್ತು ವರ್ಷದ ತಮ್ಮನ ಕೈ ಹಿಡಿದು ಕೋಟದಿಂದ ಮುಂಬಯಿಗೆ ಬಂದನು. ಈಗ ಉಡುಪಿ ಜಿಲ್ಲೆಯಲ್ಲಿರುವ, ಶಿವರಾಮ ಕಾರಂತರು ೧೯೦೨ರಲ್ಲಿ ಹುಟ್ಟಿದ ಅದೇ ಕೋಟ. ಇಬ್ಬರೂ ಒಂದೇ ಹೋಟೆಲಿನಲ್ಲಿ ದುಡಿದರು. ಅಣ್ಣನು ರಾತ್ರಿಯ ವರ್ಗಕ್ಕೆ ಸೇರಿ ಓದು ಕಲಿತು, ಊರಿನ ತಾಯಿಗೆ ಸ್ವಂತ ಕೈಯಿಂದ ಕಾಗದ ಬರೆಯುವಷ್ಟಾದನು. ಮೂರು ವರ್ಷಗಳ ಬಳಿಕ ಜ್ವರದಲ್ಲಿ ತೀರಿಹೋದನು. ಅವನ ಭಾವಚಿತ್ರವಿಲ್ಲ, ಕಾಗದಗಳು ಉಳಿದಿಲ್ಲ. “ಶಾಲೆ ಪುಸ್ತಕದಲ್ಲಿ ಹೆಸರು ಇದ್ದರೆ ಒಂದು ಸಲ ನೋಡಿ ಹೋಗುವ ಅಂತ,” ಎಂದರು.

ಅಣ್ಣನ ಹೆಸರು ಆ ಕಾಲದಲ್ಲಿ ಮನೆಗೊಂದರಂತೆ ಇರುತ್ತಿದ್ದ ಹೆಸರು. ಗುಮಾಸ್ತರು ಅದನ್ನು ಹೇಗೆ ಬರೆದುಕೊಂಡಿದ್ದರೋ ಹೇಳಬರುವಂತಿರಲಿಲ್ಲ. ಊರಿನಿಂದ ಹುಡುಕುವುದು ಮೇಲೆಂದು ನಾವೇ ನಿರ್ಧರಿಸಿದೆವು. ಇಡೀ ಫೈಲಿನಲ್ಲಿ ‘ಕೋಟ’ವನ್ನು ಹುಡುಕಿಸಿದೆವು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: −೧.

“ಇಲ್ಯಾ ಮಾಣಿ?” ಎಂದರು ಹಿರಿಯರು, ನಮ್ಮ ಮುಖವನ್ನು ನೋಡಿ.

“ಇಲ್ಲ ಅಜ್ಜಯ್ಯ. ಪಟ್ಟಿಯಲ್ಲಿ ಇಲ್ಲ.”

“ಅಡ್ಡಿಲ್ಲೆ,” ಎಂದು ಎದ್ದರು. ಕೊಡೆಯನ್ನು ಊರಿಕೊಂಡು ಮೆಟ್ಟಿಲಿಳಿದು ಹೋದರು. ಅವರ ಹೆಸರನ್ನಾಗಲಿ ವಿಳಾಸವನ್ನಾಗಲಿ ನಾವು ಕೇಳಿಕೊಳ್ಳಲಿಲ್ಲ. ಇಲ್ಲವೆಂದಾದ ಮೇಲೆ ವಿಳಾಸವೇಕೆ ಎಂದಿರಬೇಕು ನಮ್ಮ ಮನಸ್ಸು. ಅಷ್ಟು ಧೈರ್ಯವಾಗಿ ‘ಇಲ್ಲ’ ಎಂದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹತ್ತು ನಿಮಿಷಗಳಾಗಿರಬಹುದು. ಕಿಟಕಿಯ ಬಳಿಯ ಯಂತ್ರದಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು, ಮಾತು ಕಡಿಮೆ, ಲೆಕ್ಕ ಹೆಚ್ಚು, ಎದ್ದು ನಿಂತು ಕೇಳಿದಳು: “ಸರ್, ಬಾಗಲಕೋಟೆಯೂ ಇಲ್ಲವೇ?”

ನಮಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವಳು ವಿವರಿಸಿದಳು. ‘ರಾಮ’ ಎಂದರೆ ‘ಗ್ರಾಮ’ವೂ ಬರುತ್ತದೆ. ಹಾಗಾದರೆ ‘ಕೋಟ’ ಎಂದರೆ ‘ಬಾಗಲಕೋಟೆ’ಯೂ ‘ಕೋಟೇಶ್ವರ’ವೂ ಬರಬೇಕು, ಎರಡರೊಳಗೂ ಆ ಮೂರು ಮಣಿಗಳು ಇದ್ದೇ ಇವೆ. ಕೋಟದವನು ಒಬ್ಬನೂ ಇಲ್ಲದಿರಬಹುದು, ಒಪ್ಪೋಣ. ಸಾವಿರದ ನಾನೂರು ಹುಡುಗರಲ್ಲಿ ಕೋಟೇಶ್ವರದವನೂ ಒಬ್ಬನಿಲ್ಲವೇ? ಹೀಗೆಂದವಳು ಫೈಲನ್ನು ತೆರೆದು ಕಣ್ಣಿನಿಂದಲೇ ಓದುತ್ತ ಹೋದಳು. ಮೂವತ್ತೊಂಬತ್ತನೆಯ ಸಾಲಿನಲ್ಲಿ ಬೆರಳಿಟ್ಟಳು. ‘ಕೋಟೇಶ್ವರ’ ಎಂದು ಸ್ಪಷ್ಟವಾಗಿ ಬರೆದಿದೆ! ಯಂತ್ರವನ್ನು ಮತ್ತೆ ಕೇಳಿದೆವು. ಮತ್ತೆ −೧.

ಎದುರಿಗೇ ಕಾಣುವ ಪದವನ್ನು ಯಂತ್ರವು ಇಲ್ಲವೆನ್ನುತ್ತಿದ್ದರೆ ಕಾಣುವುದಕ್ಕೂ ಇರುವುದಕ್ಕೂ ಏನೋ ವ್ಯತ್ಯಾಸವಿರಬೇಕು. ನಾವು ಟೈಪು ಮಾಡಿದ ‘ಕೋಟ’ದ ಉದ್ದವನ್ನು ಕೇಳಿದೆವು: ೩. ಫೈಲಿನ ‘ಕೋಟೇಶ್ವರ’ದಿಂದ ‘ಕೋಟ’ದಷ್ಟನ್ನೇ ಕತ್ತರಿಸಿ ಅದರ ಉದ್ದವನ್ನು ಕೇಳಿದೆವು: ೫. ಎರಡೂ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ನಿಂತು ಅವಳಿಗಳಂತೆ ಕಾಣುತ್ತಿವೆ.

ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಿದೆ. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಕೇರಿಯೊಂದು ದೊರೆಯಿತು. ಅದರಲ್ಲಿ ಕಕಾರದ ಸಂಖ್ಯೆ ೩೨೨೧, ಟಕಾರದ್ದು ೩೨೩೧, ಓತ್ವದ ದೀರ್ಘಕ್ಕೆ ೩೨೭೫. ಆದುದರಿಂದ ‘ಕೋಟ’ವೆಂದರೆ ೩೨೨೧, ೩೨೭೫, ೩೨೩೧ ಎಂಬ ಮೂರು ಸಂಖ್ಯೆಗಳು. ಆದರೆ ಬಾಲಮಿತ್ರರೇ, ‘ಕೋ’ ಬರೆಯಲು ನೀವು ಸ್ಲೇಟಿನ ಮೇಲೆ ಮಾಡುವುದೇನು? ಕಕಾರಕ್ಕೆ ಎತ್ವ ಕೊಡುತ್ತೀರಿ, ಕೊಂಬಿನ ಇಳಿ ಎಳೆಯುತ್ತೀರಿ, ದೀರ್ಘ ಹಚ್ಚುತ್ತೀರಿ. ಆ ಮೂರು ತುಂಡುಗಳಿಗೂ ಯೂನಿಕೋಡಿನಲ್ಲಿ ಬೇರೆಬೇರೆ ಮನೆಗಳಿವೆ: ೩೨೭೦, ೩೨೬೬, ೩೨೮೫. ಫೈಲಿನಲ್ಲಿದ್ದದ್ದು ೩೨೨೧, ೩೨೭೦, ೩೨೬೬, ೩೨೮೫, ೩೨೩೧. ಕಾಗುಣಿತದ ಲೆಕ್ಕದಲ್ಲಿ ಎರಡೂ ಒಂದೇ. ಯೂನಿಕೋಡಿನವರೂ ಅವೆರಡನ್ನೂ ಸಮಾನವೆಂದೇ ಘೋಷಿಸಿದ್ದಾರೆ. ಫೈಂಡಿಗೆ ಮಾತ್ರ ಆ ಘೋಷಣೆ ತಿಳಿಯದು. ಅದು ಸಂಖ್ಯೆಗಳನ್ನು ಹೋಲಿಸುತ್ತದೆಯೇ ಹೊರತು ಕನ್ನಡವನ್ನು ಓದುವುದಿಲ್ಲ.

ಹೀಗೆ ತುಂಡುತುಂಡಾಗಿ ಬರೆದವರಾರು? ಅಧ್ಯಾಪಕರು ಬೆರಳಚ್ಚು ಮಾಡಿದ್ದು ಹಳೆಯ ಕಾಲದ ಫಾಂಟಿನಲ್ಲಿ; ಅಲ್ಲಿ ಅಕ್ಷರಗಳನ್ನು ಅಚ್ಚಿನ ಮೊಳೆಗಳಂತೆ ತುಂಡುಗಳಿಂದಲೇ ಜೋಡಿಸುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಫೈಲನ್ನು ಯೂನಿಕೋಡಿಗೆ ಪರಿವರ್ತಿಸಿದವರು ಮಾತ್ರ ಒಂದು ತುಂಡಿಗೆ ಒಂದು ಸಂಖ್ಯೆಯೆಂದು ಕಣ್ಣುಮುಚ್ಚಿ ಬದಲಿಸಿ, ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆಂದು ಸಮಾಧಾನಪಟ್ಟು ಕೈತೊಳೆದುಕೊಂಡಿದ್ದರು. ಆ ಪರಿವರ್ತನೆಯ ಪ್ರೋಗ್ರಾಮನ್ನು ಬರೆದವರು ನಾವೇ, ಮೂರು ವರ್ಷಗಳ ಹಿಂದೆ, ಒಂದು ಭಾನುವಾರ, ಊಟಕ್ಕೆ ಮುಂಚೆ.

ಇಷ್ಟು ದಿನ ಇದು ಬೆಳಕಿಗೆ ಬಾರದೆ ಇದ್ದುದೇಕೆಂದರೆ, ತುಂಡಾಗುವ ಗುರುತುಗಳು ಐದೇ: ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ. ನಾವು ಹುಡುಕಿದ ‘ರಾಮ’, ‘ಉಡುಪಿ’, ‘ಕಮಲ’ಗಳಲ್ಲಿ ಇವು ಯಾವುವೂ ಇರಲಿಲ್ಲ. ಒಂದೇ ಒಂದು ಸಲ ‘ಸೀತಾ’ ಎಂದು ಹುಡುಕಿದ್ದರೆ ಸಾಕಾಗುತ್ತಿತ್ತು.

ಪರಿಹಾರವೇನೋ ಒಂದೇ ಸಾಲಿನದು. ಪೈಥಾನಿನ ‘ನಾರ್ಮಲೈಸ್’ ಎಂಬ ಆಜ್ಞೆಗೆ ಸರವನ್ನು ಒಪ್ಪಿಸಿದರೆ ತುಂಡುಗಳೆಲ್ಲ ಬೆಸೆದು ಒಂದೊಂದೇ ಗುರುತಾಗುತ್ತವೆ. ಹುಡುಕುವ ತುಣುಕನ್ನೂ ಹುಡುಕಲ್ಪಡುವ ಬರಹವನ್ನೂ ಎರಡನ್ನೂ ಒಪ್ಪಿಸಬೇಕು, ಒಂದನ್ನೇ ಅಲ್ಲ. ಹಾಗೆ ಮಾಡಿ ‘ಕೋಟ’ವನ್ನು ಹುಡುಕಿದಾಗ ಹನ್ನೊಂದು ಸಾಲುಗಳು ಸಿಕ್ಕಿದವು. ಎರಡು ಬಾಗಲಕೋಟೆ, ಐದು ಕೋಟೇಶ್ವರ, ನಾಲ್ಕು ಕೋಟ. ಆ ನಾಲ್ವರಲ್ಲಿ ಒಬ್ಬನು ೧೯೫೭ರಲ್ಲಿ ಸೇರಿದ ಹದಿನೈದು ವರ್ಷದ ಹುಡುಗ.

ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಬಾಗಿಲ ಬಳಿಯ ಖಾಲಿ ಕುರ್ಚಿಯನ್ನು ನೋಡಿದರು.

ಇಬ್ಬರು ಹುಡುಗರು ಸ್ಟೇಷನ್ನಿನವರೆಗೂ ಓಡಿ ಬರಿಗೈಯಲ್ಲಿ ಮರಳಿದರು. ಮುಂಬಯಿಯಲ್ಲಿ ಒಬ್ಬ ಮನುಷ್ಯನನ್ನು ಹುಡುಕಲು ಯಾವ ಆಜ್ಞೆಯೂ ಇಲ್ಲ. ಕೊನೆಗೆ ನೆನಪಾದದ್ದು ಗೇಟಿನ ಬಳಿ ಕಾವಲುಗಾರನು ಇಟ್ಟಿರುವ ಸಂದರ್ಶಕರ ಪುಸ್ತಕ. ಅದನ್ನು ಬೆರಳಿಟ್ಟು ಸಾಲುಸಾಲಾಗಿ, ಬಾಯರ್ ಮೂರ್ ಯಾರ ಸಹಾಯವೂ ಇಲ್ಲದೆ, ಓದಿದೆವು. ಮಧ್ಯಾಹ್ನ ಮೂರೂಕಾಲರ ಎದುರಿಗೆ ನಡುಗುವ ಕನ್ನಡದಲ್ಲಿ ಒಂದು ಹೆಸರು, ಡೊಂಬಿವಲಿ ಎಂಬ ಊರು, ಒಂದು ದೂರವಾಣಿಯ ಸಂಖ್ಯೆ. ಸಂಖ್ಯೆಯ ಕೊನೆಯ ಅಂಕೆ ಒಂದೋ ಏಳೋ ಸ್ಪಷ್ಟವಿರಲಿಲ್ಲ. ಏಳೆಂದು ಕರೆದೆವು, ಯಾರೋ ಹಿಂದಿಯಲ್ಲಿ ಬೈದರು. ಒಂದೆಂದು ಕರೆದಾಗ ಸೊಸೆ ಎತ್ತಿಕೊಂಡರು.

ಮುಂದಿನ ಶನಿವಾರದೊಳಗೆ ಮಕ್ಕಳು ಫೈಲನ್ನು ಪೂರ್ತಿಯಾಗಿ ಜಾಲಿಸಿದರು. ಆಗ ಇನ್ನೊಂದು ಕಳ್ಳ ಸಿಕ್ಕಿಬಿದ್ದನು. ಕೆಲವು ಸಾಲುಗಳಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕೆ ಸೊನ್ನೆಯನ್ನು ಒತ್ತಿದ್ದರು: ‘ಕುಂದಾಪುರ’ಕ್ಕೆ ‘ಕು೦ದಾಪುರ’. ಅಚ್ಚಿನಲ್ಲಿ ನಿಮಗೆ ವ್ಯತ್ಯಾಸ ಕಾಣಿಸಿದರೆ ನಿಮ್ಮ ಕಣ್ಣು ಬಹಳ ಚುರುಕು. ಅನುಸ್ವಾರದ ಸಂಖ್ಯೆ ೩೨೦೨, ಅಂಕೆ ಸೊನ್ನೆಯದು ೩೩೦೨. ಸರಿಯಾಗಿ ನೂರು ಮನೆಗಳ ಅಂತರ. ಇದನ್ನು ನಾರ್ಮಲೈಸ್ ಎಂಬುದು ಸರಿಪಡಿಸುವುದಿಲ್ಲ, ಏಕೆಂದರೆ ಇದು ಒಂದೇ ಅಕ್ಷರದ ಎರಡು ರೂಪವಲ್ಲ, ಬೇರೆ ಬೇರೆ ಅಕ್ಷರಗಳು ಒಂದೇ ವೇಷ ಹಾಕಿರುವುದು. ಎರಡು ಕಡೆಯೂ ಅಕ್ಷರಗಳಿದ್ದು ನಡುವೆ ಸೊನ್ನೆ ಬಂದಲ್ಲೆಲ್ಲ ಅನುಸ್ವಾರವಾಗಿಸುವಂತೆ ಆ ವಿದ್ಯಾರ್ಥಿನಿಯೇ ಪ್ರೋಗ್ರಾಮು ಬರೆದಳು. ಅರ್ಕಾವೊತ್ತಾಗದಂತೆ ರಕಾರವನ್ನು ತಡೆಯುವ ಕಾಣದ ಗುರುತೊಂದಿದೆ. ಅದು ಎಲ್ಲೆಲ್ಲಿ ಅಡಗಿತ್ತೋ ಅದನ್ನೂ ಹೊರಗೆಳೆದರು. ನಾವು ಚಹಾ ತರಿಸಿಕೊಟ್ಟೆವು.

ಹಿರಿಯರು ಮಗನೊಡನೆ ಬಂದರು. ನಾವು ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಕೈಯಲ್ಲೇ ತಡೆದು, “ಅದೆಲ್ಲ ಇರಲಿ, ಓದು,” ಎಂದರು. ಅವರ ಕಣ್ಣಿಗೆ ಪರದೆಯ ಅಕ್ಷರ ಹತ್ತುತ್ತಿರಲಿಲ್ಲ. ವಿದ್ಯಾರ್ಥಿನಿ ಗಟ್ಟಿಯ ಧ್ವನಿಯಲ್ಲಿ ಓದಿದಳು: ಹೆಸರು, ತಂದೆಯ ಹೆಸರು, ಕೋಟ ಗ್ರಾಮ, ದಕ್ಷಿಣ ಕನ್ನಡ ಜಿಲ್ಲೆ, ವಯಸ್ಸು ೧೫, ರಾತ್ರಿ ವರ್ಗ, ಒಂದನೆಯ ಇಯತ್ತೆ. ಬಿಟ್ಟ ಕಾರಣದ ಕಾಲಮಿನಲ್ಲಿ ‘ತಿಳಿಯದು’ ಎಂದಿತ್ತು. “ಮತ್ತೊಮ್ಮೆ,” ಎಂದರು. ಮತ್ತೊಮ್ಮೆ ಓದಿದಳು. ತಂದೆಯ ಹೆಸರು ಬಂದಾಗ ತಲೆದೂಗಿದರು. ಕಾರಣದ ಕಾಲಮನ್ನು ತುಂಬಬಹುದೇ ಎಂದು ಮಗನು ಕೇಳಿದನು. ಮೂಲದಲ್ಲಿರುವುದನ್ನು ಬದಲಿಸಬಾರದೆಂದು ನಾವು, ಪಕ್ಕದಲ್ಲಿ ಹೊಸದೊಂದು ಕಾಲಮು ಮಾಡಬಹುದೆಂದು ಮಕ್ಕಳು. ಮಕ್ಕಳ ಮಾತೇ ನಡೆಯಿತು.

ಹೊರಡುವ ಮುನ್ನ ಅವರು ಸ್ವಲ್ಪ ಸಂಕೋಚದಿಂದ, ತಮ್ಮ ಹೆಸರನ್ನೂ ನೋಡಲಾದೀತೇ ಎಂದು ಕೇಳಿದರು. ಒಂದು ಸಲ ಮಾಸ್ತರರು ಹೆಸರು ಕೇಳಿ ಏನೋ ಗೀಚಿಕೊಂಡದ್ದುಂಟಂತೆ. ವಿದ್ಯಾರ್ಥಿನಿ ಹುಡುಕಿದಳು. ಹೆಸರಿನಿಂದ, ಊರಿನಿಂದ, ತಂದೆಯ ಹೆಸರಿನಿಂದ. ಕೊನೆಗೆ ೧೯೫೭ರಿಂದ ೧೯೬೦ರವರೆಗಿನ ಸಾಲುಗಳನ್ನೆಲ್ಲ ಕಣ್ಣಿನಿಂದಲೇ ಓದಿದಳು. ಇಪ್ಪತ್ತು ನಿಮಿಷ ಹಿಡಿಯಿತು. ನಾವು ಬಾಯಿ ಬಿಡಲಿಲ್ಲ.

“ನಾಲ್ಕು ರೀತಿಯಲ್ಲಿ ಹುಡುಕಿದೆ, ಅಜ್ಜ. ಈ ಫೈಲಿನಲ್ಲಿ ನಿಮ್ಮ ಹೆಸರು ಸಿಗುತ್ತಿಲ್ಲ,” ಎಂದಳು.

ಹಿರಿಯರು ನಕ್ಕುಬಿಟ್ಟರು. “ನಾನೆಲ್ಲಿ ಸೇರಿದ್ದೆ ಮಗಾ? ಅಣ್ಣ ಹೊರಗೆ ಬರುವವರೆಗೆ ಬಾಗಿಲ ಹತ್ತಿರ ಕೂತಿರುತ್ತಿದ್ದೆ. ಅಲ್ಲಿಂದಲೇ ಕೇಳಿ ಕೇಳಿ ಅಷ್ಟಿಷ್ಟು ಕಲಿತದ್ದು.”

ಯಾವ ಬಾಗಿಲೆಂದು ಅವಳು ಕೇಳಿದಳು. ಈಗ ಆಟದ ಸಾಮಾನುಗಳನ್ನಿಡುವ ನೆಲಮಾಳಿಗೆಯ ಕೋಣೆಯಿದೆಯಲ್ಲ, ಅದರ ಬಾಗಿಲಂತೆ. ಕೊಡೆಯನ್ನು ಮಗನ ಕೈಗೆ ಕೊಟ್ಟು, ಅವಳ ಹೆಗಲಿನ ಮೇಲೆ ಕೈಯೂರಿ, ಅದನ್ನು ತೋರಿಸಲು ಮೆಟ್ಟಿಲಿಳಿಯತೊಡಗಿದರು. ಉಳಿದ ಮಕ್ಕಳೂ ಯಂತ್ರಗಳನ್ನು ಹಾಗೆಯೇ ಬಿಟ್ಟು ಅವರ ಹಿಂದೆ ಹೋದರು.